ಪಿಪೆಟ್ ವಿಷಯ ಬಿಟ್ಟುಹೋಗಿದೆ

ಲ್ಯಾಬ್ ಸುರಕ್ಷತೆ ಕುರಿತ ನಿಮ್ಮ ಲೇಖನದಲ್ಲಿ ಲ್ಯಾಬ್ ಕೋಟ್, ಕನ್ನಡಕದ ಬಗ್ಗೆ ಚೆನ್ನಾಗಿ ಹೇಳಿದ್ದೀರಿ. ಆದರೆ ನಮ್ಮ ಪಿಯುಸಿ ಲ್ಯಾಬ್‌ಗಳಲ್ಲಿ ಈಗಲೂ ಕೆಲವು ಕಡೆ ಪಿಪೆಟ್‌ಗೆ (ದ್ರಾವಣ ಅಳೆದು ತೆಗೆಯುವ ಗಾಜಿನ ಕೊಳವೆ) ಬಾಯಲ್ಲೇ ದ್ರಾವಣ ಎಳೆಸುತ್ತಾರೆ, ಅದನ್ನೂ ಬರೆಯಬೇಕಿತ್ತು. ದ್ರಾವಣದ ಸಾಂದ್ರತೆ ಕಂಡುಹಿಡಿಯುವ ಟೈಟ್ರೇಶನ್ ಪ್ರಯೋಗಕ್ಕೆ ಕೊಡುವ ಆಕ್ಸಾಲಿಕ್ ಆಮ್ಲ ವಿಷ. ಬೀಕರಿನಲ್ಲಿ ದ್ರಾವಣ ಕಡಿಮೆಯಾಗಿ ಪಿಪೆಟ್ ತುದಿ ಮೇಲೆ ಬಂದರೆ ಸಾಕು, ಗಾಳಿ ನುಗ್ಗಿ ದ್ರಾವಣ ಸೀದಾ ಬಾಯಿಗೇ ಹಾರುತ್ತದೆ. ಬಾಯಿಯ ಬದಲು ದ್ರಾವಣ ಎಳೆಯುವ ರಬ್ಬರ್ ಬಲ್ಬ್‌ಗೆ ದುಡ್ಡೇನೂ ಜಾಸ್ತಿ ಆಗಲ್ಲ, ಅಲ್ವಾ?

ಇನ್ನೊಂದು, ಲವಣದಲ್ಲಿ ನೈಟ್ರೇಟ್ ಇದೆಯೇ ಎಂದು ನೋಡಲು ಮಾಡುವ ಕಂದು ಉಂಗುರದ ಪರೀಕ್ಷೆ. ಉಂಗುರ ಕಂಡ ಖುಷಿಯಲ್ಲಿ ಹುಡುಗರು ಟೆಸ್ಟ್ ಟ್ಯೂಬನ್ನು ನಲ್ಲಿ ಕೆಳಗೆ ಹಿಡಿದುಬಿಡುತ್ತಾರೆ. ತಳದಲ್ಲಿರುವುದು ಸಾಂದ್ರ ಸಲ್ಫ್ಯೂರಿಕ್ ಆಮ್ಲ. ನೀರು ರಭಸವಾಗಿ ಬಿದ್ದರೆ ಕಾದು ಮುಖಕ್ಕೇ ಸಿಡಿಯಬಹುದು. ತಣ್ಣಗಾಗಲು ಬಿಟ್ಟು, ಆಮೇಲೆ ದೊಡ್ಡ ಬೀಕರಿನ ತಣ್ಣೀರಿಗೆ ನಿಧಾನವಾಗಿ ಸುರಿಯಬೇಕು. ರೆಕಾರ್ಡ್ ಪುಸ್ತಕದಲ್ಲಿ ಇದನ್ನು ಯಾರು ಬರೆಸುತ್ತಾರೆ ಹೇಳಿ?