ಮಗಳ ಸಮಾಧಿಯ ಮೇಲೆ ಒಂದು ಪದ

ಮಂಗಳೂರು ಕಡೆಯ ಮದುವೆ ಕಾಗದಗಳಲ್ಲಿ, ಚರ್ಚ್ ಹಬ್ಬದ ಬ್ಯಾನರುಗಳಲ್ಲಿ ‘ವಂ. ಫಾ.’ ಅಂತ ಬರೆದಿರುವುದನ್ನು ನೀವೂ ನೋಡಿರುತ್ತೀರಿ. ವಂದನೀಯ ಫಾದರ್. ಬಿಷಪ್ ಆದರೆ ‘ಅತಿ ವಂದನೀಯ’. ಇಂಗ್ಲಿಷಿನ ‘ರೆವರೆಂಡ್’ಗೆ ನಮ್ಮವರು ಹುಡುಕಿಕೊಂಡ ಈ ಪದ ನನಗೆ ತುಂಬಾ ಇಷ್ಟ. ರೆವರೆಂಡ್ ಬಂದದ್ದು ಲ್ಯಾಟಿನ್ನಿನ ‘ರೆವರೆಂಡುಸ್’ನಿಂದ. ಗೌರವಕ್ಕೆ ತಕ್ಕವನು ಅಂತ ಅರ್ಥ. ಬಿಷಪ್, ವಿಕಾರ್ (ಊರಿನ ಚರ್ಚಿನ ಹೊಣೆ ಹೊತ್ತ ಪಾದ್ರಿ) ಅನ್ನುವುದು ಹುದ್ದೆ. ರೆವರೆಂಡ್ ಹುದ್ದೆಯಲ್ಲ, ಬರೀ ಗುಣವಾಚಕ. ನಮ್ಮ ‘ಪೂಜ್ಯ’ ಇದ್ದ ಹಾಗೆ.

ಈ ಒಂದು ಪದಕ್ಕಾಗಿ ಇಂಗ್ಲೆಂಡಿನಲ್ಲಿ ತಂದೆಯೊಬ್ಬರು ಕೋರ್ಟಿನ ಮೆಟ್ಟಿಲು ಹತ್ತಿದ್ದರು. ಹೆನ್ರಿ ಕೀಟ್ ಅಂತ, ದೇಶದ ಅಧಿಕೃತ ಚರ್ಚಾದ ‘ಚರ್ಚ್ ಆಫ್ ಇಂಗ್ಲೆಂಡ್’ನಿಂದ ಬೇರೆಯಾದ ವೆಸ್ಲಿಯನ್ ಮೆಥಡಿಸ್ಟ್ ಪಂಗಡದ ಪಾದ್ರಿ. ಅವರ ಮಗಳು ತೀರಿಕೊಂಡಳು. ಲಿಂಕನ್‌ಶೈರಿನ ಓಸ್ಟನ್ ಫೆರಿ ಎಂಬ ಹಳ್ಳಿಯ ಚರ್ಚಿನಂಗಳದಲ್ಲಿ ಅವಳ ಸಮಾಧಿ. ಕಲ್ಲಿನ ಮೇಲೆ ‘ರೆವರೆಂಡ್ ಎಚ್. ಕೀಟ್ ಅವರ ಮಗಳು’ ಅಂತ ಕೆತ್ತಿಸಲು ಹೊರಟರೆ ಅಲ್ಲಿನ ವಿಕಾರ್ ಬಿಡಲಿಲ್ಲ. ಚರ್ಚ್ ಆಫ್ ಇಂಗ್ಲೆಂಡಿನವರಲ್ಲದ ಪಾದ್ರಿಗೆ ಆ ಪದ ಸಲ್ಲದು ಅನ್ನುವುದು ಅವರ ವಾದ. ಬಿಷಪ್ ಕೂಡ ವಿಕಾರ್ ಕಡೆಗೇ ನಿಂತರು. ಚರ್ಚಿನ ಕೋರ್ಟುಗಳಲ್ಲೂ ಕೀಟ್‌ಗೆ ಸೋಲು. ಕೊನೆಗೆ 1876ರಲ್ಲಿ ಮೇಲ್ಮನವಿ ಕೇಳುವ ಪ್ರಿವಿ ಕೌನ್ಸಿಲ್ ಅವರ ಪರ ತೀರ್ಪು ಕೊಟ್ಟಿತು. ಇದು ಬಿರುದೂ ಅಲ್ಲ, ಪದವಿಯೂ ಅಲ್ಲ, ಗೌರವ ತೋರಿಸುವ ವಿಶೇಷಣ ಅಷ್ಟೇ ಅಂತ.

ಮಗಳನ್ನು ಮಣ್ಣು ಮಾಡಿ ಬಂದ ಅಪ್ಪನಿಗೆ ಇಷ್ಟೆಲ್ಲ ಅಲೆದಾಟ ಬೇಕಿತ್ತಾ? ಆ ಕಲ್ಲು ಅವಳದ್ದು. ಅದರ ಮೇಲೂ ಮೇಲು ಕೀಳಿನ ಲೆಕ್ಕ ಹಾಕಿದ್ದು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಬ್ರಿಟಿಷರ ಹಳೆಯ ನಿಯಮ ಇನ್ನೊಂದಿದೆ. ‘ದಿ ರೆವರೆಂಡ್ ಜಾನ್ ಸ್ಮಿತ್’ ಅಂದರೆ ಸರಿ, ‘ರೆವರೆಂಡ್ ಸ್ಮಿತ್’ ಅಂದರೆ ತಪ್ಪು. ಗುಣವಾಚಕ ಅಲ್ವಾ, ಬಿರುದಿನ ಹಾಗೆ ಬರೀ ಮನೆತನದ ಹೆಸರಿಗೆ ಅಂಟಿಸುವಂತಿಲ್ಲ, ಅದಕ್ಕೆ. ಆದರೆ ಅಮೆರಿಕದಲ್ಲಿ, ಅದರಲ್ಲೂ ಕಪ್ಪು ಜನರ ಚರ್ಚುಗಳಲ್ಲಿ, ‘ರೆವರೆಂಡ್ ಕಿಂಗ್’ ಅಂತಲೇ ಕರೆಯುವುದು ರೂಢಿ. ಆ ದೇಶದ ದಕ್ಷಿಣದಲ್ಲಿ ಎಷ್ಟೇ ವಯಸ್ಸಾದ ಕಪ್ಪು ಗಂಡಸನ್ನೂ ಬಿಳಿಯರು ‘ಬಾಯ್’ ಅನ್ನುತ್ತಿದ್ದರು. ಹೆಂಗಸರಿಗೆ ‘ಮಿಸೆಸ್’ ಅನ್ನುವ ಮರ್ಯಾದೆಯೂ ಇರಲಿಲ್ಲ. ಪಾದ್ರಿಯೂ ಆಗಿದ್ದ ಮಾರ್ಟಿನ್ ಲೂಥರ್ ಕಿಂಗ್ 1963ರಲ್ಲಿ ಬರ್ಮಿಂಗ್‌ಹ್ಯಾಮ್ ಜೈಲಿನಿಂದ ಬರೆದ ಪತ್ರದಲ್ಲಿ ಈ ನೋವು ಹೇಳಿಕೊಂಡಿದ್ದಾರೆ. ಹೊರಗೆ ಅಂಥ ಮಾತು ಕೇಳಿ ಬಂದವರು ತಮ್ಮ ಚರ್ಚಿನಲ್ಲಿ ತಮ್ಮವರನ್ನು ‘ರೆವರೆಂಡ್’ ಅಂತ ಕರೆದರೆ, ಅದರಲ್ಲಿ ವ್ಯಾಕರಣದ ತಪ್ಪು ಹುಡುಕಲು ನನಗಂತೂ ಮನಸ್ಸು ಬರುವುದಿಲ್ಲ.

ನಾವೂ ಹಾಗೇ ಹೇಳುತ್ತೇವೆ. 1894ರಲ್ಲಿ ನಮಗೆ ಆ ದೊಡ್ಡ ಕನ್ನಡ ನಿಘಂಟು ಕೊಟ್ಟವರು ನಮ್ಮ ಬಾಯಲ್ಲಿ ರೆವರೆಂಡ್ ಕಿಟೆಲ್. ನಾನು ಹಾಗೆಯೇ ಬರೆಯುತ್ತೇನೆ.