ನೆಲವೇ ಡೊಂಕಿತ್ತು ಸ್ವಾಮಿ

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಈ ಗಾದೆಗೆ ಹೆದರಿಯೇ ನಾನು ಎರಡು ತಿಂಗಳು ಬಾಯಿ ಮುಚ್ಚಿಕೊಂಡಿದ್ದೆ.

ವಿಷಯ ಚಿಕ್ಕದು. ಹಳೆಯ ಮೌಸಿನ ಸ್ಕ್ರಾಲ್ ವೀಲ್ ಸವೆದು ಹೋಗಿತ್ತು. ಕೆಳಗೆ ತಿರುಗಿಸಿದರೆ ಒಮ್ಮೊಮ್ಮೆ ಪುಟ ಮೇಲಕ್ಕೆ ಜಿಗಿಯುತ್ತಿತ್ತು. ಸರಿ ಅಂತ ಹೊಸದು ತಗೊಂಡೆ. ಅದಕ್ಕೆ ವೀಲೇ ಇಲ್ಲ. ಬೆನ್ನೆಲ್ಲ ನುಣುಪು. ಬೆರಳಿನಿಂದ ಸವರಿದರೆ ಸಾಕು, ಪುಟ ಸರಿಯುತ್ತದೆ. ಯಾವ ಕಂಪನಿಯದು ಅಂತ ಹೇಳಲ್ಲ, ಜಗಳ ಕಂಪನಿಯ ಮೇಲಲ್ಲ. ನೋಡೋಕೆ ಅಂತೂ ಬಹಳ ಚೆಂದ.

ಮೊದಲ ವಾರದಲ್ಲೇ ಗೊತ್ತಾಯಿತು, ಇದು ಸವರಿದರೆ ಸರಿಯುವುದಲ್ಲ, ಮುಟ್ಟಿದರೆ ಓಡುವುದು. ಒಂದು ಸಾಲು ಕೆಳಗೆ ಹೋಗೋಣ ಅಂದರೆ ಒಂದು ಪುಟ ಹೋಗುತ್ತದೆ. ವಾಪಸ್ ಬರೋಣ ಅಂದರೆ ಶುರುವಿಗೇ ಬಂದು ನಿಲ್ಲುತ್ತದೆ. ಓದುತ್ತಿದ್ದ ಸಾಲು ಎಲ್ಲಿ ಅಂತ ಹುಡುಕುವುದೇ ಒಂದು ಕೆಲಸ ಆಯಿತು.

ಇಷ್ಟೇ ಆಗಿದ್ದರೆ ಸುಮ್ನೆ ಇರುತ್ತಿದ್ದೆ. ಒಂದು ದಿನ ದೊಡ್ಡ ಸ್ಪ್ರೆಡ್‌ಶೀಟ್‌ನಲ್ಲಿ ಅಂಕಿ ತುಂಬುತ್ತಿದ್ದೆ. ವೀಲ್ ಇರುವ ಸಾಮಾನ್ಯ ಮೌಸಿನಲ್ಲಿ ಹಾಳೆ ಮೇಲೆ ಕೆಳಗೆ ಮಾತ್ರ ಹೋಗುತ್ತದೆ. ಟಚ್ ಮೌಸಿನಲ್ಲಿ ಅಡ್ಡಕ್ಕೂ ಹೋಗುತ್ತದೆ. ನನ್ನ ಬೆರಳು ಒಂದಿಷ್ಟು ಓರೆಯಾಗಿ ಸವರಿದೆ, ಹಾಳೆ ಒಂದು ಕಾಲಂ ಪಕ್ಕಕ್ಕೆ ಜಾರಿದೆ. ಕಣ್ಣಿಗೆ ಬೀಳಲೇ ಇಲ್ಲ. ಎಲ್ಲ ಕಾಲಂಗಳೂ ಒಂದೇ ಥರ ಕಾಣುತ್ತವಲ್ಲ! ಮೂವತ್ತು ಚಿಲ್ಲರೆ ಸಾಲು ತಪ್ಪು ಕಾಲಂನಲ್ಲಿ ತುಂಬಿದ ಮೇಲೆ ಗೊತ್ತಾಯಿತು. ಇನ್ನೊಂದು ಸಲ ಯಾವುದೋ ಆನ್‌ಲೈನ್ ಫಾರಂ ತುಂಬುವಾಗ ಹುಟ್ಟಿದ ವರ್ಷ ಆರಿಸಿ, ಪುಟ ಕೆಳಗಿಳಿಸಲು ಬೆರಳು ಸವರಿದೆ. ಪುಟ ಇಳಿಯಲಿಲ್ಲ, ನನ್ನ ವಯಸ್ಸು ಇಳಿಯಿತು. ಆರಿಸಿದ ಡ್ರಾಪ್‌ಡೌನ್ ಇನ್ನೂ ಹಿಡಿತದಲ್ಲಿತ್ತು, ಸ್ಕ್ರಾಲ್ ಪೂರ್ತಿ ಅದರೊಳಗೆ ಹೋಯಿತು. ಸಬ್ಮಿಟ್ ಒತ್ತುವ ಮುಂಚೆ ನೋಡಿದೆ, ಪುಣ್ಯ.

ನನ್ನ ಕೈಯೇ ಸರಿ ಇಲ್ಲ ಅಂದುಕೊಂಡೆ. ಉಳಿದವರೆಲ್ಲ ಇದೇ ಮೌಸನ್ನು ಆರಾಮಾಗಿ ಬಳಸುತ್ತಾರಲ್ಲ!

ಆಮೇಲೆ ಸೆಟ್ಟಿಂಗ್ಸ್ ತೆಗೆದೆ. ಮೌಸ್ ಅಂತ ಇದ್ದ ಕಡೆ ಒಂದು ಸ್ಲೈಡರ್ ಕಂಡಿತು. ಅದನ್ನು ಕಮ್ಮಿ ಮಾಡಿದೆ. ಸ್ಕ್ರಾಲ್ ಹಾಗೇ ಇದೆ. ಇನ್ನೂ ಕಮ್ಮಿ ಮಾಡಿದೆ. ಈಗ ಬಾಣದ ಗುರುತು ತೆವಳುತ್ತಿದೆ, ಪುಟ ಮಾತ್ರ ಮೊದಲಿನ ಹಾಗೇ ಓಡುತ್ತಿದೆ. ಒಂದು ವಾರ ಹೀಗೇ ಕಳೆದ ಮೇಲೆ ತಲೆಗೆ ಹೊಳೆಯಿತು, ಅದು ಪಾಯಿಂಟರ್‌ನ ವೇಗ. ಮೌಸನ್ನು ಮೇಜಿನ ಮೇಲೆ ಸರಿಸಿದರೆ ಬಾಣ ಎಷ್ಟು ದೂರ ಹೋಗಬೇಕು ಅನ್ನುವುದು. ಸ್ಕ್ರಾಲ್‌ಗೂ ಅದಕ್ಕೂ ಸಂಬಂಧವೇ ಇಲ್ಲ. ಇಂಥ ಪೆದ್ದುತನ ನನ್ನದು ಮಾತ್ರ ಅಲ್ಲ. ಕೇಳಿದವರಲ್ಲಿ ಇಬ್ಬರು ಅದೇ ಸ್ಲೈಡರ್ ತಿರುಗಿಸಿ ಕೈಚೆಲ್ಲಿದ್ದರು.

ಇದರ ಬುಡ ಎಲ್ಲಿದೆ ಅಂತ ಯೋಚಿಸಿದಾಗ ಫೋನ್ ನೆನಪಾಯಿತು. ಫೋನಿನಲ್ಲಿ ಸ್ಕ್ರಾಲ್ ಸೆನ್ಸಿಟಿವಿಟಿ ಅಂತ ಯಾರಾದ್ರೂ ತಲೆ ಕೆಡಿಸಿಕೊಂಡಿದ್ದಾರಾ? ಇಲ್ಲ. ಅಲ್ಲಿ ಪುಟ ಬೆರಳಿನ ಕೆಳಗೇ ಇದೆ. ಬೆರಳು ಒಂದು ಸೆಂಟಿಮೀಟರ್ ಸರಿದರೆ ಪುಟವೂ ಒಂದು ಸೆಂಟಿಮೀಟರ್. ಅಂಟಿಕೊಂಡ ಹಾಗೆ. ಲೆಕ್ಕ ಕಣ್ಣೆದುರೇ ಇದೆ. ಟಚ್ ಮೌಸ್‌ನಲ್ಲಿ ಬೆರಳು ಮೇಜಿನ ಮೇಲೆ, ಪುಟ ಎದುರಿನ ಪರದೆಯಲ್ಲಿ. ಇಲ್ಲಿಯ ಒಂದು ಸೆಂಟಿಮೀಟರ್‌ಗೆ ಅಲ್ಲಿ ಎಷ್ಟು? ಇದನ್ನು ಯಾರೋ ಕೂತು ತೀರ್ಮಾನ ಮಾಡಿರಬೇಕು. ಅವರ ಕೈ ನಮ್ಮ ಕೈ ಅಲ್ಲ, ಅವರ ಪರದೆ ನಮ್ಮ ಪರದೆ ಅಲ್ಲ.

ವೀಲ್ ಇದ್ದಾಗ ಈ ತೊಂದರೆ ಇಷ್ಟು ಕಾಡಲಿಲ್ಲ, ಯಾಕೆಂದರೆ ಬೆರಳಿಗೆ ಎಣಿಕೆ ಸಿಗುತ್ತಿತ್ತು. 1996ರಲ್ಲಿ ಮೈಕ್ರೋಸಾಫ್ಟ್‌ನ ಇಂಟೆಲಿಮೌಸ್ ಬಂದ ಮೇಲೆ ವೀಲ್ ಎಲ್ಲರ ಮೌಸಿಗೂ ಬಂತು. ಬಹಳಷ್ಟು ವೀಲ್‌ಗಳಲ್ಲಿ ಒಂದು ಸುತ್ತಿಗೆ 24 ಹಲ್ಲು, ಒಂದೊಂದೂ 15 ಡಿಗ್ರಿ. ಕಟ್ ಕಟ್ ಅಂತ ಬೆರಳಿಗೆ ತಾಗುತ್ತದೆ. ವಿಂಡೋಸ್‌ನಲ್ಲಿ ಒಂದು ಕಟ್‌ಗೆ ಮೂರು ಸಾಲು ಅನ್ನುವುದು ಮೊದಲಿನಿಂದ ಬಂದ ಲೆಕ್ಕ. ನಾಲ್ಕು ಕಟ್ ಅಂದರೆ ಹನ್ನೆರಡು ಸಾಲು. ಕಣ್ಣು ಮುಚ್ಚಿಯೂ ಹೇಳಬಹುದು. ನುಣುಪು ಬೆನ್ನಿನ ಮೇಲೆ ಆ ಕಟ್ ಇಲ್ಲ. ಬೆರಳು ಮಾಡುತ್ತಿದ್ದ ಎಣಿಕೆಯ ಕೆಲಸ ಈಗ ಕಣ್ಣಿನ ತಲೆಗೆ ಬಿತ್ತು. ಸಂಜೆಯ ಹೊತ್ತಿಗೆ ಕಣ್ಣು ಸೋಲುವುದು ಸುಮ್ನೆ ಅಲ್ಲ.

ಒಂದೇ ಮೌಸ್ ಒಂದು ಆ್ಯಪ್‌ನಲ್ಲಿ ಸರಿಯಾಗಿದ್ದು ಇನ್ನೊಂದರಲ್ಲಿ ಹುಚ್ಚು ಕುದುರೆ ಆಗುವುದಕ್ಕೂ ಇದೇ ಹಳೆಯ ಲೆಕ್ಕ ಕಾರಣ. ವಿಂಡೋಸ್ ಒಳಗೆ ಒಂದು ಕಟ್ ಅಂದರೆ 120 ಅನ್ನುವ ಅಂಕಿ. ಯಾಕೆ 120? ಮುಂದೆ ಯಾವತ್ತಾದರೂ ಇನ್ನೂ ನಯವಾದ ವೀಲ್ ಬಂದರೆ 30, 40, 60 ಅಂತ ತುಂಡು ತುಂಡಾಗಿ ಕಳಿಸಲಿ ಅಂತ ಮೊದಲೇ ಜಾಗ ಬಿಟ್ಟಿದ್ದರು. ಒಳ್ಳೆಯ ಯೋಚನೆ. ಆದರೆ ಆ್ಯಪ್ ಬರೆಯುವವರು ಆ ತುಂಡುಗಳನ್ನು ಕೂಡಿಸಿ, 120 ಆದಾಗ ಒಂದು ಹೆಜ್ಜೆ ಇಡಬೇಕು. ಕೆಲವರು ಕೂಡಿಸುವುದೇ ಇಲ್ಲ. ತುಂಡು ಬಂದರೂ ಪೂರ್ತಿ ಒಂದು ಹೆಜ್ಜೆ ಅಂತ ಲೆಕ್ಕ ಹಿಡಿದರೆ ಪುಟ ಓಡುತ್ತದೆ. ತುಂಡನ್ನು ಸೊನ್ನೆ ಅಂತ ಬಿಸಾಕಿದರೆ ಪುಟ ಅಲ್ಲಾಡುವುದಿಲ್ಲ. ನೀವು ಮಾತ್ರ ಬೆರಳು ಉಜ್ಜುತ್ತಾ ಕೂತಿರುತ್ತೀರಿ. ವಿಂಡೋಸ್ ಥರದ್ದೇ ಇನ್ನೊಂದು ವ್ಯವಸ್ಥೆಯಾದ ಲಿನಕ್ಸ್‌ನಲ್ಲಂತೂ ಸಣ್ಣ ಹೆಜ್ಜೆಗಳನ್ನು ಬೇರೆಯಾಗಿ ಕಳಿಸುವ ದಾರಿ ಬಂದದ್ದೇ 2019ರಲ್ಲಿ, 5.0 ಆವೃತ್ತಿಯಲ್ಲಿ. ಆ್ಯಪಲ್‌ನ ಮ್ಯಾಜಿಕ್ ಮೌಸ್ ಅನ್ನುವ ಟಚ್ ಮೌಸ್ ಬಂದು ಆಗಲೇ ಹತ್ತು ವರ್ಷ ಆಗುತ್ತಾ ಬಂದಿತ್ತು.

ಇನ್ನು ಸೆನ್ಸಿಟಿವಿಟಿ ಅನ್ನುವ ಒಂದೇ ಪದದೊಳಗೆ ಕನಿಷ್ಠ ಮೂರು ಬೇರೆ ಬೇರೆ ವಿಷಯ ಕೂತಿವೆ. ಬೆರಳು ಎಷ್ಟು ಸರಿದರೆ ಮೌಸ್ ಅದನ್ನು ಸ್ಕ್ರಾಲ್ ಅಂತ ಒಪ್ಪಬೇಕು? ಒಪ್ಪಿದ ಮೇಲೆ ಎಷ್ಟು ಪಟ್ಟು ಹಿಗ್ಗಿಸಬೇಕು? ಬೆರಳು ಎತ್ತಿದ ಮೇಲೂ ಪುಟ ಎಷ್ಟು ಹೊತ್ತು ಜಾರುತ್ತಾ ಇರಬೇಕು? ಈ ಮೂರನೆಯದಕ್ಕೆ ಇನರ್ಷಿಯಾ ಅಂತಾರೆ. ನನ್ನನ್ನು ಜಾಸ್ತಿ ಗೋಳಾಡಿಸಿದ್ದು ಅದೇ. ಫೋನಿನಲ್ಲಿ ಈ ಜಾರುವಿಕೆ ಚೆಂದ. ಮುನ್ನೂರು ಫೋಟೋ ಇದ್ದರೆ ಒಂದು ಸಲ ತಳ್ಳಿ ಸುಮ್ಮನಿರಬಹುದು. ಲೆಕ್ಕದ ಹಾಳೆಯಲ್ಲಿ ಕೂತು ಸಾಲು ಸಾಲು ನೋಡುವವರಿಗೆ ಅದು ಪಾಚಿ ಕಟ್ಟಿದ ಮೆಟ್ಟಿಲು. ನನಗೆ ಬೇಕಿದ್ದದ್ದು ಮೂರನೆಯದನ್ನು ನಿಲ್ಲಿಸಿ, ಎರಡನೆಯದನ್ನು ಸ್ವಲ್ಪ ಇಳಿಸುವುದು. ಮೊದಲಿಗೆ ಕಣ್ಣಿಗೆ ಬಿದ್ದದ್ದು ಸ್ಪೀಡ್‌ಗೆ ಅಂತ ಒಂದೇ ಸ್ಲೈಡರ್. ಒಂದು ತುದಿಯಲ್ಲಿ ಆಮೆ, ಇನ್ನೊಂದು ತುದಿಯಲ್ಲಿ ಮೊಲ, ಅಷ್ಟೇ.

ಅದೂ ಎಲ್ಲಿ ಸಿಗುತ್ತದೆ? ಮ್ಯಾಕ್‌ನಲ್ಲಿ ಟಚ್ ಮೌಸ್ ಬಳಸುವವರು ಮೌಸ್ ಪುಟದಲ್ಲಿ ಹುಡುಕಿ ಸುಸ್ತಾಗುತ್ತಾರೆ. ಆ್ಯಕ್ಸೆಸಿಬಿಲಿಟಿಗೆ ಹೋಗಿ, ಪಾಯಿಂಟರ್ ಕಂಟ್ರೋಲ್ ತೆಗೆದು, ಅದರೊಳಗೆ ಮೌಸ್ ಆಪ್ಷನ್ಸ್ ಒತ್ತಿದರೆ ಸ್ಕ್ರಾಲಿಂಗ್ ಸ್ಪೀಡ್ ಕಾಣುತ್ತದೆ. ಇನರ್ಷಿಯಾ ನಿಲ್ಲಿಸುವುದೂ ಹಲವು ಆವೃತ್ತಿಗಳಲ್ಲಿ ಅಲ್ಲೇ ಇತ್ತು. ವಿಂಡೋಸ್‌ನಲ್ಲಿ ಬ್ಲೂಟೂತ್ ಮತ್ತು ಡಿವೈಸಸ್ ಒಳಗೆ ಮೌಸ್ ಅಂತ ಇದೆ, ಅಲ್ಲಿ ಒಂದು ಸಲಕ್ಕೆ ಎಷ್ಟು ಸಾಲು ಅಂತ ಕೇಳುತ್ತದೆ. ಮೂರು ಇದ್ದರೆ ಒಂದು ಮಾಡಿ ನೋಡಿ. ಬಹಳ ಮಂದಿಗೆ ಅಷ್ಟರಲ್ಲೇ ಕೆಲಸ ಆಗುತ್ತದೆ.

ನನಗೆ ಹಿಡಿಸಿದ್ದು ಲಿನಕ್ಸ್‌ನವರ ರೀತಿ. ಅಲ್ಲಿ ಮ್ಯಾಜಿಕ್ ಮೌಸ್‌ಗೆ ಅಂತಲೇ ಇರುವ ಡ್ರೈವರ್‌ನಲ್ಲಿ, ಅಂದರೆ ಮೌಸನ್ನು ನಡೆಸುವ ತಂತ್ರಾಂಶದಲ್ಲಿ, ಸ್ಕ್ರಾಲ್ ಸ್ಪೀಡ್‌ಗೆ 0ಯಿಂದ 63ರವರೆಗೆ ಅಂಕಿ ಇದೆ. ಮೊದಲೇ ಇಟ್ಟಿರುವುದು 32. ಬೇಗ ಬೇಗ ಸವರಿದರೆ ಜಾಸ್ತಿ ಓಡುವ ಆಕ್ಸಿಲರೇಷನ್‌ಗೆ ಬೇರೆಯೇ ಒಂದು ಸ್ವಿಚ್, ಬರುವಾಗ ಆಫ್. ನಿಜ, ಟರ್ಮಿನಲ್ ಅನ್ನುವ ಆದೇಶ ಟೈಪ್ ಮಾಡುವ ಕಿಟಕಿ ತೆಗೆದು ಫೈಲ್ ತಿದ್ದಬೇಕು, ಎಲ್ಲರಿಗೂ ಆಗುವ ಕೆಲಸ ಅಲ್ಲ. ಆದರೆ ಅಂಕಿ ಇದೆ! ನೀವು 32ರಿಂದ 20ಕ್ಕೆ ಇಳಿಸಿದಿರಿ, ಜಾಸ್ತಿ ಇಳಿಯಿತು, 24 ಮಾಡಿದಿರಿ. ಗೆಳೆಯರಿಗೆ ಹೇಳಬಹುದು, ಚೀಟಿಯಲ್ಲಿ ಬರೆದಿಡಬಹುದು, ಹೊಸ ಕಂಪ್ಯೂಟರ್‌ಗೂ ಅದನ್ನೇ ಹಾಕಬಹುದು. ಫೈರ್‌ಫಾಕ್ಸ್ ಬ್ರೌಸರ್‌ನಲ್ಲೂ ಒಳಗಿನ ಕಾನ್ಫಿಗ್ ಪುಟದಲ್ಲಿ ಇಂಥದ್ದೇ ಇದೆ, ಬರುವಾಗ 100, ಅದನ್ನು 200 ಮಾಡಿದರೆ ಎರಡು ಪಟ್ಟು. ಆಮೆ ಮೊಲದ ಸ್ಲೈಡರ್‌ನಲ್ಲಿ ಏನಂತ ಬರೆದಿಡುವುದು? ಮೊಲದಿಂದ ಎರಡು ಬೆರಳು ಈಚೆಗೆ ಅಂತಲಾ? ಅಂಕಿ ಹಾಕಿದರೆ ಜನ ಹೆದರುತ್ತಾರೆ ಅಂತ ವಿನ್ಯಾಸ ಮಾಡುವವರು ಅಂದುಕೊಂಡಿರಬಹುದು. ಪರದೆಯ ಬೆಳಕು, ಸ್ಪೀಕರ್‌ನ ಸದ್ದು, ಎಲ್ಲದಕ್ಕೂ ಅಂಕಿ ನೋಡಿಯೇ ಬಳಸುವ ಜನ ನಾವು. ಇದೊಂದಕ್ಕೆ ಹೆದರುತ್ತೇವಾ?

ಅಂಕಿ ಕೊಡದಿದ್ದರೆ ನಾವೇ ಮಾಡಿಕೊಳ್ಳಬೇಕು. ನಾನು ಮಾಡಿದ್ದು ಇದು. ಖಾಲಿ ಸ್ಪ್ರೆಡ್‌ಶೀಟ್ ತೆಗೆದೆ, ಹೇಗೂ ಸಾಲಿಗೆ ನಂಬರ್ ಇರುತ್ತದೆ. ತೋರುಬೆರಳನ್ನು ನಿಧಾನವಾಗಿ, ಒಂದು ಗೆಣ್ಣಿನಷ್ಟು ಮಾತ್ರ ಸವರಿದೆ. ಎಷ್ಟು ಸಾಲು ಹೋಯಿತು ಅಂತ ನೋಡಿದೆ. ಹೀಗೆ ಹತ್ತು ಸಲ. ಶುರುವಿನಲ್ಲಿ ನನಗೆ ಬಂದದ್ದು ಒಮ್ಮೆ 12, ಒಮ್ಮೆ 40, ಇನ್ನೊಮ್ಮೆ 26. ಇಷ್ಟು ಏರುಪೇರು ಇದ್ದರೆ ಕೈಗೆ ಅಭ್ಯಾಸ ಆಗುವುದಾದರೂ ಹೇಗೆ? ಇನರ್ಷಿಯಾ ನಿಲ್ಲಿಸಿದೆ. ಹತ್ತು ಸಲದ ಎಣಿಕೆ 14ರಿಂದ 18ರೊಳಗೆ ಬಂತು. ಸ್ಪೀಡ್ ಇಳಿಸಿದೆ, 8ರಿಂದ 10ಕ್ಕೆ ಬಂತು. ಅಲ್ಲಿಗೆ ಬಿಟ್ಟೆ. ಒಂದೇ ದಿನ ಹತ್ತು ಸಲ ಬದಲಿಸಬೇಡಿ. ಒಂದು ಹೆಜ್ಜೆ ಬದಲಿಸಿ, ಎರಡು ದಿನ ಬಿಡಿ. ಪಾಯಿಂಟರ್ ವೇಗಕ್ಕಂತೂ ಆ ಎರಡು ದಿನ ಕೈ ಹಾಕಬೇಡಿ, ಯಾವುದರಿಂದ ಏನಾಯಿತು ಅಂತ ಗೊತ್ತಾಗಲ್ಲ.

ಕೈ ಹಿಡಿಯುವ ರೀತಿಯೂ ಸೇರುತ್ತದೆ. ಇಡೀ ಅಂಗೈ ಮೌಸ್ ಮೇಲೆ ಹಾಸಿಕೊಂಡು ಕೂರುವವರಿಗೆ ತೊಂದರೆ ಜಾಸ್ತಿ. ವೀಲ್ ಮೇಲೆ ಬೆರಳು ಸುಮ್ಮನೆ ಇಟ್ಟಿದ್ದರೆ ಏನೂ ಆಗುತ್ತಿರಲಿಲ್ಲ, ಇಲ್ಲಿ ಇಟ್ಟ ಬೆರಳು ಉಸಿರಾಡಿದರೂ ಲೆಕ್ಕ. ಪಕ್ಕಗಳನ್ನು ಹಿಡಿದು, ಸವರುವ ಬೆರಳನ್ನು ಮಾತ್ರ ಇಳಿಸುವುದು ಕಲಿತೆ. ಬೆರಳು ಒಮ್ಮೊಮ್ಮೆ ಮೊದಲು ಅಂಟುತ್ತದೆ, ಆಮೇಲೆ ಸರ್ರನೆ ಜಾರುತ್ತದೆ, ಪುಟವೂ ಹಾಗೇ ಮಾಡುತ್ತದೆ. ಒದ್ದೆ ಬೆರಳಾದರೆ ಒಳಗಿನ ಸೆನ್ಸರ್‌ಗೇ ಗಲಿಬಿಲಿ, ಅದು ನೋಡುವುದು ಬೆರಳಿನ ಒತ್ತಡವನ್ನಲ್ಲ, ಚರ್ಮ ಹತ್ತಿರ ಬಂದಾಗ ವಿದ್ಯುತ್ತಿನಲ್ಲಿ ಆಗುವ ಸಣ್ಣ ಬದಲಾವಣೆಯನ್ನು. ಹಾಗಾಗಿ ಆಗಾಗ ಮೌಸ್ ಆಫ್ ಮಾಡಿ ಬೆನ್ನು ಒರೆಸಿ. ಪುಟ ಒಂದು ಕ್ಷಣ ನಿಂತು ಆಮೇಲೆ ಒಟ್ಟಿಗೆ ಹಾರುತ್ತಿದ್ದರೆ ಅದು ಸೆನ್ಸಿಟಿವಿಟಿಯ ತಪ್ಪೇ ಅಲ್ಲದಿರಬಹುದು. ಬ್ಲೂಟೂತ್ ಓಡುವುದು 2.4 ಗಿಗಾಹರ್ಟ್ಸ್‌ನಲ್ಲಿ, ಪಕ್ಕದಲ್ಲಿ ಯುಎಸ್‌ಬಿ 3 ಹಬ್ ಅಥವಾ ಹಾರ್ಡ್ ಡಿಸ್ಕ್ ಇದ್ದರೆ ಅದರ ಗದ್ದಲ ಇದಕ್ಕೆ ತಾಗುತ್ತದೆ. ಅದನ್ನು ಒಂದು ಮೊಳ ದೂರ ಇಟ್ಟು ನೋಡಿ.

ಯಾವ ದಿಕ್ಕಿಗೆ ಸವರಿದರೆ ಯಾವ ದಿಕ್ಕಿಗೆ ಹೋಗಬೇಕು ಅನ್ನುವ ಜಗಳಕ್ಕೆ ನಾನು ಬರಲ್ಲ. 2011ರಲ್ಲಿ ಮ್ಯಾಕ್‌ನ ಲಯನ್ ಆವೃತ್ತಿಯಲ್ಲಿ ಆ್ಯಪಲ್ ಅದನ್ನು ಉಲ್ಟಾ ಮಾಡಿ ನ್ಯಾಚುರಲ್ ಅಂತ ಹೆಸರಿಟ್ಟಾಗಿನಿಂದ ಇವತ್ತಿನವರೆಗೂ ಮುಗಿದಿಲ್ಲ. ಒಂದೇ ಮಾತು. ಮ್ಯಾಕ್‌ನಲ್ಲಿ ಮೌಸ್‌ಗೆ ಒಂದು ದಿಕ್ಕು, ಟ್ರ್ಯಾಕ್‌ಪ್ಯಾಡ್‌ಗೆ ಇನ್ನೊಂದು ಅಂತ ಇಟ್ಟುಕೊಳ್ಳೋಕೆ ಹೋದರೆ ಎತ್ತು ಏರಿಗೆ, ಕೋಣ ನೀರಿಗೆ. ಒಂದನ್ನು ಬದಲಿಸಿದರೆ ಇನ್ನೊಂದೂ ಬದಲಾಗುತ್ತದೆ. ಸ್ಕ್ರಾಲ್ ರಿವರ್ಸರ್ ಥರದ ಉಚಿತ ಟೂಲ್ ಹಾಕಿಕೊಳ್ಳಬೇಕು.

ಅಡ್ಡಕ್ಕೆ ಜಾರುವ ಕಾಟಕ್ಕೆ ನಾನು ಕಂಡುಕೊಂಡದ್ದು ಮೊದಲ ಕಾಲಂ ಮತ್ತು ತಲೆಸಾಲನ್ನು ಫ್ರೀಜ್ ಮಾಡಿ ಇಡುವುದು. ಹಾಳೆ ಜಾರಿದರೂ ಹೆಸರು ಕಣ್ಣೆದುರೇ ಇರುತ್ತದೆ, ಯಾವ ಕಾಲಂನಲ್ಲಿ ಇದ್ದೇನೆ ಅಂತ ಗೊತ್ತಾಗುತ್ತದೆ.

ಇಷ್ಟೆಲ್ಲ ಮಾಡಿ ಮೂರು ವಾರ ನೆಮ್ಮದಿಯಾಗಿದ್ದೆ. ಮೊನ್ನೆ ನಾನು ಸೀಟಿನಲ್ಲಿ ಇಲ್ಲದಾಗ ಸಹೋದ್ಯೋಗಿಯೊಬ್ಬರು ಒಂದು ಫೈಲ್ ನೋಡಲು ನನ್ನ ಮೌಸ್ ಹಿಡಿದಿದ್ದಾರೆ. ನಾನು ಬಂದಾಗ ನಗುತ್ತಾ ಹೇಳಿದರು, "ಏನ್ರೀ ಇದು, ಇಷ್ಟೊಂದು ಮಂದ! ಸರಿ ಮಾಡಿ ಇಟ್ಟಿದೀನಿ ನೋಡಿ."

ಸ್ಲೈಡರ್ ಮೊಲದ ಪಕ್ಕದಲ್ಲಿತ್ತು. ಮೊದಲು ಎಲ್ಲಿತ್ತು ಅಂತ ಎಷ್ಟು ನೆನಪು ಮಾಡಿಕೊಂಡರೂ ಬರಲಿಲ್ಲ. ಥ್ಯಾಂಕ್ಸ್ ಹೇಳಿ, ಅವರು ಹೋದ ಮೇಲೆ ಖಾಲಿ ಹಾಳೆ ತೆಗೆದು ಮತ್ತೆ ಒಂದು ಗೆಣ್ಣಿನಷ್ಟು ಸವರಿ ಎಣಿಸತೊಡಗಿದೆ. ಮೊದಲ ಸಲಕ್ಕೆ 31 ಬಂತು.