ಐದು ಗ್ರಾಂ ಪುಡಿಯ ಮಹೋತ್ಸವ

ನಮ್ಮ ಬೆಂಗಳೂರಿನ ಬಡಾವಣೆಯ ಜಿಮ್ಮಿನಲ್ಲಿ ಮುಂಜಾನೆ ಆರಕ್ಕೆ ನಡೆಯುವ ಸೇವೆಯನ್ನು ಕಂಡ ಯಾರೂ, ಈ ಕಾಲದ ಹುಡುಗರಲ್ಲಿ ಭಕ್ತಿಯಿಲ್ಲ ಎಂದು ಹಲುಬಲಾರರು. ಮೊದಲು ಸ್ನಾಯು ಬೆಳೆಸುವ ಆಸೆಯಿಂದ ಸೇವಿಸುವ ಕ್ರಿಯೇಟಿನ್ ಎಂಬ ಪುಡಿಯ ಡಬ್ಬಿಯ ದರ್ಶನ, ಆಮೇಲೆ ಮೊಬೈಲಿನ ಮುಂದೆ ಅದರ ಪ್ರದರ್ಶನ, ಬಳಿಕ ಚಮಚದ ಪುಡಿಯನ್ನು ಅಕ್ಕಸಾಲಿಗನೂ ನಾಚುವಷ್ಟು ಎಚ್ಚರದಿಂದ ಸಮಗೊಳಿಸಿ, ಶೇಕರಿನಲ್ಲಿ ಕದಡಿ, ಕಣ್ಣು ಮುಚ್ಚಿ ಪ್ರಾಶನ. ಇಷ್ಟಾಗುವಷ್ಟರಲ್ಲಿ ಆಫೀಸಿನ ಕ್ಯಾಬ್ ಬಂದಿರುತ್ತದೆ. ಡಂಬೆಲ್ಲುಗಳು ಮಾತ್ರ ತಮ್ಮ ಗೂಡಿನಲ್ಲಿ ಮಲಗಿಯೇ ಇರುತ್ತವೆ.

ಪುಡಿಯದೇನೂ ತಪ್ಪಿಲ್ಲ. ಶೆವ್ರಲ್ ಎಂಬ ಫ್ರೆಂಚ್ ರಸಾಯನಶಾಸ್ತ್ರಜ್ಞ 1832ರಲ್ಲಿ ಮಾಂಸದ ಸಾರದಿಂದ ಬೇರ್ಪಡಿಸಿದ ಈ ವಸ್ತುವನ್ನು ನಮ್ಮ ಯಕೃತ್ತು, ಮೂತ್ರಪಿಂಡಗಳೂ ದಿನಕ್ಕೆ ಸುಮಾರು 1 ಗ್ರಾಂನಷ್ಟು ಸದ್ದಿಲ್ಲದೆ ತಯಾರಿಸುತ್ತವೆ. ಭಾರ ಎತ್ತುವ ಮೊದಲ ಕೆಲವು ಸೆಕೆಂಡುಗಳಲ್ಲಿ ಸ್ನಾಯುವಿನ ಶಕ್ತಿ ಬರಿದಾಗುವಾಗ ಅದನ್ನು ಬೇಗನೆ ತುಂಬಿಕೊಡುವುದು ಇದರ ಕೆಲಸ. ಅದರಿಂದಾಗಿ ಹತ್ತು ಸಲ ಎತ್ತುತ್ತಿದ್ದವನು ಹನ್ನೊಂದನೆಯ ಸಲವೂ ಎತ್ತಬಹುದು, ಹಾಗೆ ತಿಂಗಳುಗಟ್ಟಲೆ ಎತ್ತಿದ್ದಕ್ಕೆ ಸ್ನಾಯು ಬೆಳೆಯಬಹುದು. ಒಮ್ಮೆಯೂ ಎತ್ತದವನ ವಿಷಯದಲ್ಲಿ ಅದು ಏನು ಮಾಡಬೇಕೆಂಬುದನ್ನು ಪಾಪ, ಶೆವ್ರಲ್ ಯೋಚಿಸಿರಲಿಲ್ಲ.

ನಮ್ಮ ಪಕ್ಕದ ಮನೆಯ ಹುಡುಗನ ತಾಯಿಗಂತೂ ಬೇರೆಯೇ ಚಿಂತೆ. ಕ್ರಿಯೇಟಿನ್ ಎಂಬ ಹೆಸರೇ ಮಾಂಸವೆಂಬ ಅರ್ಥದ ಗ್ರೀಕ್ ಪದದಿಂದ ಬಂದದ್ದೆಂದು ಯಾರೋ ಹೇಳಿದ ದಿನದಿಂದ ಡಬ್ಬಿಗೆ ಅಡುಗೆಮನೆ ಪ್ರವೇಶ ನಿಷಿದ್ಧವಾಗಿ, ಅದು ಚಪ್ಪಲಿ ಗೂಡಿನ ಮೇಲೆ ವನವಾಸ ಕಂಡಿತು. ಇಂದು ಮಾರುವ ಪುಡಿ ಕಾರ್ಖಾನೆಯಲ್ಲಿ ರಾಸಾಯನಿಕಗಳಿಂದಲೇ ಆಗುವಂಥದ್ದು, ಮಾಂಸ ತಿನ್ನದವರ ಸ್ನಾಯುಗಳಲ್ಲಿ ಕ್ರಿಯೇಟಿನ್ ಕಡಿಮೆ ಇರುವುದರಿಂದ ಅವರಿಗೇ ಇದರ ಪ್ರಯೋಜನ ಹೆಚ್ಚು ಕಾಣಬಹುದು ಎಂದು ನಾನು ವಿವರಿಸಿದ್ದು ವ್ಯರ್ಥವಾಯಿತು. ಕೊನೆಗೆ ಡಬ್ಬಿಯ ಹಿಂಬದಿಯ ಹಸಿರು ಚುಕ್ಕೆಯನ್ನು ಕನ್ನಡಕ ಹಾಕಿಕೊಂಡು ನೋಡಿದ ಮೇಲೆಯೇ ಅವರು ಅದನ್ನು ಉಪ್ಪಿನಕಾಯಿ ಭರಣಿಯ ಪಕ್ಕಕ್ಕೆ ಸೇರಿಸಿಕೊಂಡರು.

ಇನ್ನು ಟ್ರೈನರ್ ಮಹಾಶಯರ ಪಂಚಾಂಗ. ವ್ಯಾಯಾಮಕ್ಕೆ ಮುಂಚೆಯೋ, ಆದ ಮೇಲೆ ಎಷ್ಟನೆಯ ನಿಮಿಷದಲ್ಲೋ ಎಂಬ ಮುಹೂರ್ತ ಚರ್ಚೆ ಮುಗಿಯುವುದೇ ಇಲ್ಲ. ದಿನದ ಯಾವ ಹೊತ್ತಿಗಾದರೂ ತಪ್ಪದೆ 3ರಿಂದ 5 ಗ್ರಾಂ ತೆಗೆದುಕೊಂಡರೆ ಮೂರು-ನಾಲ್ಕು ವಾರಗಳಲ್ಲಿ ಸ್ನಾಯು ತುಂಬಿಕೊಳ್ಳುತ್ತದೆ ಎಂಬ ಸಪ್ಪೆ ಸತ್ಯಕ್ಕೆ ದಕ್ಷಿಣೆ ಹುಟ್ಟುವುದಿಲ್ಲವಲ್ಲ! ಆದ್ದರಿಂದ ಅವರು ವಿಧಿಸುವುದು ‘ಲೋಡಿಂಗ್’ ಎಂಬ ಸಪ್ತಾಹ: ದಿನಕ್ಕೆ 20 ಗ್ರಾಂ, ಏಳು ದಿನ. ಸ್ನಾಯು ಬೇಗ ತುಂಬುವುದು ನಿಜವೇ. 50 ದಿನ ಬರಬೇಕಾದ 250 ಗ್ರಾಂ ಡಬ್ಬಿಯಲ್ಲಿ 140 ಗ್ರಾಂ ಒಂದೇ ವಾರಕ್ಕೆ ಖಾಲಿಯಾಗಿ, ಟ್ರೈನರ್ ಮಹಾಶಯರ ಗಲ್ಲಾಪೆಟ್ಟಿಗೆಯೂ ಅಷ್ಟೇ ಬೇಗ ತುಂಬುವುದು ಅದಕ್ಕಿಂತ ನಿಜ.

ಸಪ್ತಾಹ ಮುಗಿದಾಗ ನಮ್ಮ ಹುಡುಗ ಒಂದೂವರೆ ಕಿಲೋ ಹೆಚ್ಚಿದ್ದ. ಸ್ನಾಯು ಹಿಡಿದಿಟ್ಟುಕೊಂಡ ಆ ನೀರಿಗೆ ಬೀದಿಯವರಿಂದೆಲ್ಲ ಅಭಿನಂದನೆ ಸಂದಿತು. ಅಷ್ಟರಲ್ಲಿ ಆಫೀಸಿನ ವಾರ್ಷಿಕ ರಕ್ತಪರೀಕ್ಷೆ ಬಂದು, ಕಿಡ್ನಿಯ ಆರೋಗ್ಯ ತಿಳಿಯಲು ನೋಡುವ ಕ್ರಿಯೇಟಿನಿನ್ ಅಂಕಿ ಗೆರೆಯಿಂದ ತುಸು ಮೇಲೆ ನಿಂತಿತು. ಕ್ರಿಯೇಟಿನ್ ಒಡೆದಾಗ ಉಳಿಯುವುದೇ ಕ್ರಿಯೇಟಿನಿನ್ ಆದ್ದರಿಂದ, ಪುಡಿ ತಿನ್ನುವವರಲ್ಲಿ ಕಿಡ್ನಿಗೆ ಏನೂ ಆಗದಿದ್ದರೂ ಅಂಕಿ ಏರಬಹುದು. ಮೊದಲೇ ಕಿಡ್ನಿಯ ತೊಂದರೆಯಿದ್ದವರ ಮಾತು ಬೇರೆ. ಆದರೆ ಪುಡಿಯ ವಿಷಯವನ್ನು ವೈದ್ಯರಿಗೆ ಹೇಳುವ ಧೈರ್ಯ ಮನೆಯವರಲ್ಲಿ ಯಾರಿಗೂ ಬರುವ ಮೊದಲು ಮೂವರು ನೆಂಟರು ಸಾಂತ್ವನ ಹೇಳಿ, ಕಾಫಿ ಕುಡಿದು ಹೋಗಿದ್ದರು.

ವೈದ್ಯರು ಕೇಳಿ ನಕ್ಕು, ಕೆಲವು ವಾರ ನಿಲ್ಲಿಸಿ ಮತ್ತೆ ಪರೀಕ್ಷಿಸೋಣವೆಂದರು. ಅಂಕಿ ಇಳಿಯಿತು, ಅದರೊಡನೆ ಆ ಒಂದೂವರೆ ಕಿಲೋ ನೀರೂ ಇಳಿಯಿತು. ಸಂಪಾದಿಸಿದ ಸ್ನಾಯುವೆಲ್ಲ ಕರಗಿತೆಂದು ಹುಡುಗ ಕಣ್ತುಂಬಿಕೊಂಡು ಟ್ರೈನರ್ ಮುಂದೆ ನಿಂತಾಗ, ಅವರು ಮರುಮಾತಾಡದೆ ಪಕ್ಕದ ಕಪಾಟಿನ ಬೀಗ ತೆಗೆದರು.